ಹೊಳೆ ಬಂದಾಗ ಕೂಡಿದ ದನದ ಸಂತೆ

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ನಂಬಬೇಡಿ. ಅಲ್ಲೇ ನಿಂತು ಕಣ್ಣಾರೆ ನೋಡಿದ ನಮ್ಮೂರಿನವರೇ ನಂಬುವುದಿಲ್ಲ, ಇನ್ನು ನಿಮ್ಮನ್ನೇನು ಕೇಳುವುದು.

ಆಗ ನಾನು ಐದನೇ ಇಯತ್ತೆ. ಆ ದಿನಗಳಲ್ಲಿ ಕೃಷ್ಣಾ ಹೊಳೆಗೆ ಸಿಟ್ಟು ಬಂದರೆ ನಮ್ಮೂರು ನಡುಗಡ್ಡೆಯಾಗುತ್ತಿತ್ತು. ಚಿಕ್ಕೋಡಿ ರಸ್ತೆಯ ಮೇಲೆ ಎದೆಮಟ್ಟ ನೀರು, ಕಾಗವಾಡ ಕಡೆಯ ಸೇತುವೆ ಪೂರ್ತಿ ಮುಳುಗಡೆ, ನಡುವೆ ನಾವು, ತಾಟಿಗೆ ಸಾರು ಸುರಿದ ಮೇಲೆ ತೇಲುವ ರೊಟ್ಟಿ ತುಣುಕಿನ ಹಾಗೆ.

ನಮ್ಮದು ಮೊದಲು ಸಂತೆ, ಆಮೇಲೆ ಊರು. ದನದ ಸಂತೆ ಹುಟ್ಟಿದ ಮೇಲೆ, ದನ ಮಾರಾಟವಾಗದೆ ಉಳಿದುಕೊಂಡ ಮಂದಿಯೇ ಮನೆ ಕಟ್ಟಿಕೊಂಡರಂತೆ. ಇದು ನಮ್ಮ ಅಜ್ಜ ಹೇಳುವ ಇತಿಹಾಸ. ಅವನ ಪ್ರಕಾರ ನಮ್ಮ ಮುತ್ತಜ್ಜನಿಗೂ ಗಿರಾಕಿ ಸಿಕ್ಕಿರಲಿಲ್ಲ. ಭಾಷೆಯೂ ಸಂತೆಯದೇ. ಬೆಲೆ ಕೇಳುವುದು ಕನ್ನಡದಲ್ಲಿ, ಚೌಕಾಸಿ ಮರಾಠಿಯಲ್ಲಿ, ಬೈಗುಳ ಯಾವುದು ಮೊದಲು ನಾಲಿಗೆಗೆ ಬರುತ್ತದೋ ಅದರಲ್ಲಿ. ಮಂಗಳವಾರ ಬಂತೆಂದರೆ ಓಣಿಯಲ್ಲಿ ಮನುಷ್ಯರಿಗಿಂತ ಬಾಲಗಳೇ ಹೆಚ್ಚು.

ಆ ವರ್ಷ ಹೊಳೆ ಬಂದಾಗ ತಗ್ಗಿನ ಓಣಿಗಳವರನ್ನೆಲ್ಲ ದಿನ್ನೆಯ ಮೇಲಿನ ಶಾಲೆಗೆ ತುಂಬಿದರು. ಅದಕ್ಕೆ ಕಾಳಜಿ ಕೇಂದ್ರ ಎಂದು ಹೆಸರು. ಒಳಗೆ ನಾವು, ಬಯಲಿನಲ್ಲಿ ದನ. ಒದ್ದೆ ಸಗಣಿ, ಒದ್ದೆ ಕಂಬಳಿ, ತಳ ಹತ್ತಿದ ಉಪ್ಪಿಟ್ಟು, ಈ ಮೂರೂ ಸೇರಿದ ಒಂದೇ ವಾಸನೆ. ಆ ಉಪ್ಪಿಟ್ಟನ್ನು ಗೋಡೆಗೆ ಒಗೆದರೆ ಗೋಡೆ ಹಿಂದೆ ಸರಿಯುತ್ತಿತ್ತು. ಕರೆಂಟು ಇಲ್ಲ, ಎಲ್ಲರ ಫೋನೂ ಸತ್ತಿತ್ತು. ದಿನಕ್ಕೊಮ್ಮೆ ಹಾಲಿನ ಪಾಕೀಟು ತರುವ ರಬ್ಬರ್ ದೋಣಿ ಬರುತ್ತಿತ್ತು. ಅದೇ ನಮ್ಮ ಪೇಪರು, ಅದೇ ಟಿವಿ.

ಮಂಗಳವಾರ ಬಂತು, ಸಂತೆ ಇಲ್ಲ. ಹಾಗಾಗಿ ನಾವು ಹುಡುಗರೇ ಕೂಡಿಸಿದೆವು. ದಲಾಲಿ ಬಸ್ಯಾ. ಅವನ ಅಪ್ಪ ನಿಜವಾದ ದಲಾಲಿ, ಆದ್ದರಿಂದ ಬಸ್ಯಾ ಹುಟ್ಟಿದ್ದೇ ಹೆಗಲ ಮೇಲೆ ಟಾವೆಲು ಹಾಕಿಕೊಂಡು. ನಮ್ಮಲ್ಲಿ ಅರ್ಧ ಮಂದಿ ಗಿರಾಕಿ, ಅರ್ಧ ಮಂದಿ ಹೋರಿ. ನಿಜವಾದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟಾವೆಲಿನ ಕೆಳಗೆ ಕೈಹಾಕಿ, ಬೆರಳು ಹಿಡಿದು ತಿಳಿಸುತ್ತಾರೆ. ನಾವೂ ಹಾಗೆಯೇ. ಹಲ್ಲು ನೋಡುವುದು, ನಡೆಸುವುದು, ಬೆನ್ನು ತಟ್ಟುವುದು, ಕಡೆಗೆ ಸುಳಿ ನೋಡುವುದು. ದನದ ಮೈಮೇಲೆ ಕೂದಲು ಸುತ್ತಿಕೊಂಡಿರುವ ಜಾಗವೇ ಸುಳಿ. ಸರಿಯಾದ ಜಾಗದಲ್ಲಿದ್ದರೆ ಮನೆಗೆ ಲಕ್ಷ್ಮಿ, ತಪ್ಪು ಜಾಗದಲ್ಲಿದ್ದರೆ ಕೊಂಡವನ ಮನೆಗೆ ಹೆಣ. ಅಂಥ ಎತ್ತನ್ನು ಪುಕ್ಕಟೆ ಕೊಟ್ಟರೂ ಅಥಣಿಯಿಂದ ರಾಯಬಾಗದವರೆಗೆ ಯಾರೂ ಮುಟ್ಟುವುದಿಲ್ಲ.

ನಾನು ಖಿಲಾರಿ ತಳಿಯ ಹೋರಿ. ಎದೆ ಉಬ್ಬಿಸಿ, ಕುತ್ತಿಗೆ ಎತ್ತಿ, ಇಡೀ ಜಿಲ್ಲೆಯೇ ನೋಡಲಿ ಎಂಬಂತೆ ನಡೆದೆ. ಬಸ್ಯಾ ನನ್ನ ತುಟಿ ಮೇಲೆತ್ತಿ ನೋಡಿ, ಬಾಯಲ್ಲಿ ವಾಸನೆ ಇದೆ, ಹಲ್ಲಿನಲ್ಲಿ ಉಪ್ಪಿಟ್ಟಿದೆ, ಹಿಂಗಾಲು ಸೊಟ್ಟ ಎಂದು ಸಾರಿದ. ಕಡೆಗೆ ನನ್ನನ್ನು ಒಂದು ಕೋಳಿ ಕೊಡುವುದಾಗಿ ಹೇಳಿ ಕೊಂಡರು. ಆ ಕೋಳಿಯೂ ಬೇರೆಯವರದು.

ಆಮೇಲೆ ಸತ್ಯಾ ಬಂದ.

ಸತ್ಯಾ ನಮ್ಮ ಓಣಿಯ ಕೊನೆಯ ಮನೆಯ ಹುಡುಗ. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ, ಮೇಷ್ಟ್ರ ಮುಂದೆ ಮೌನ. ಅವನ ಅಪ್ಪ ಮಾರುತಿ ಕಾಕಾ ಜೋಡೆತ್ತು ಮಾರಲು ಕಾಗವಾಡದ ಕಡೆ ಹೋಗಿದ್ದ. ಅದೇ ಸಂಜೆ ಸೇತುವೆ ಮುಳುಗಿತು. ಅಲ್ಲಿಂದ ಸುದ್ದಿಯಿಲ್ಲ. ಸೇತುವೆ ಹತ್ತಿರ ಒಂದು ಜೋಡಿ ಎತ್ತು ತೇಲಿಹೋದವು, ಹಗ್ಗ ಹಿಡಿದ ಮನುಷ್ಯನೂ ಹಿಂದೆಯೇ ಹೋದ ಎಂದು ದೋಣಿಯವರ ಬಾಯಿಂದ ಯಾರೋ ಕೇಳಿದ್ದರು. ಯಾರ ಎತ್ತು, ಯಾವ ಮನುಷ್ಯ, ಗೊತ್ತಿಲ್ಲ. ಸತ್ಯಾನ ಅವ್ವ ದಿನವಿಡೀ ಶಾಲೆಯ ಗೇಟಿನಲ್ಲಿ ನಿಂತು ನೀರು ನೋಡುತ್ತಿದ್ದಳು. ಸತ್ಯಾ ಅವಳನ್ನು ನೋಡುತ್ತಿದ್ದ. ಆವತ್ತು ನೋಡಿ ನೋಡಿ ಸಾಕಾಗಿರಬೇಕು, ತಾನೂ ಹೋರಿಯಾಗುತ್ತೇನೆ ಎಂದು ಬಂದು ನಿಂತ.

ಹಲ್ಲು ಚೊಕ್ಕ. ನಡಿಗೆ ಚೊಕ್ಕ. ಗಿರಾಕಿಗಳು ಟಾವೆಲಿನ ಕೆಳಗೆ ಜಗಳವಾಡುವಷ್ಟು ಚೊಕ್ಕ. ನನ್ನ ಹೊಟ್ಟೆ ಉರಿಯಿತು ಎಂದು ಬೇರೆ ಹೇಳಬೇಕಿಲ್ಲ. ಬಸ್ಯಾ ಅವನ ತಲೆ ಬಗ್ಗಿಸಿ ಹಿಂಭಾಗದ ಕೂದಲು ಸರಿಸಿದ. ಅಪ್ಪನ ಹಾಗೆಯೇ ನಾಲಿಗೆಯಿಂದ ಲೊಚಗುಟ್ಟಿದ.

"ಇದಕ್ಕ ಎರಡು ಸುಳಿ ಅದಾವಲೇ. ಒಂದಕ್ಕೊಂದು ಎದುರು. ಇದು ಮಾಲಕನ್ನ ತಿನ್ನು ಸುಳಿ."

ಹಿಂದಿನಿಂದ ಒಂದು ದನಿ ಬಂತು. "ತಿಂದೈತಿ ಅಲ್ಲೇನ ಮತ್ತ?"

ಆ ದನಿ ಯಾರದೆಂದು ಕೇಳಿದರೆ ಈಗ ಪ್ರತಿಯೊಬ್ಬರೂ ಇನ್ನೊಬ್ಬರ ಹೆಸರು ಹೇಳುತ್ತಾರೆ. ನನ್ನ ಹತ್ತಿರವೂ ಒಂದು ಹೆಸರಿದೆ. ನಾವು ನಕ್ಕೆವು. ದನಗಳೂ ತಿರುಗಿ ನೋಡುವ ಹಾಗೆ ನಕ್ಕೆವು. ಉಪ್ಪಿಟ್ಟು ನನ್ನ ಮೂಗಿನವರೆಗೆ ಬಂದು, ಅಲ್ಲಿಯ ಪರಿಸ್ಥಿತಿ ನೋಡಿ ವಾಪಸ್ಸು ಹೋಯಿತು.

ಗಿರಾಕಿಗಳೆಲ್ಲ ಹಿಂದೆ ಸರಿದರು. ಆಟವೇ, ಆದರೂ ಸರಿದರು. ಅಷ್ಟಕ್ಕೆ ಮುಗಿದಿದ್ದರೆ ಆಟ. ಆದರೆ ಕಾಳಜಿ ಕೇಂದ್ರದಲ್ಲಿ ಮಾತು ಹೇನಿಗಿಂತ ವೇಗವಾಗಿ ಓಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಸತ್ಯಾನ ತಲೆಯ ಸುದ್ದಿ ಏಳೂ ಇಯತ್ತೆಗಳ ಕೋಣೆ ಸುತ್ತಿ ಬಂದಿತ್ತು. ನನ್ನ ಸ್ವಂತ ಅತ್ತೆ, ಅವನ ಅವ್ವನ ಪಕ್ಕ ಹಾಸಿದ್ದ ಚಾಪೆಯನ್ನು ಕೂಸಿನ ಸಮೇತ ಕರೀಹಲಗೆಯ ಕಡೆ ಎಳೆದುಕೊಂಡಳು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ. ಆ ಗೋಡೆಗೆ ಕಿಟಕಿಯೇ ಇರಲಿಲ್ಲ.

ಸತ್ಯಾ ಇದನ್ನೂ ನೋಡಿದ. ಬಸ್ಯಾನ ಹತ್ತಿರ ಬಂದು, ಸುಳಿ ತೆಗೆಯಲು ಏನಾದರೂ ದಾರಿ ಇದೆಯೇ ಎಂದು ಕೇಳಿದ. ಎತ್ತಿನ ಸುಳಿ ಯಾರೂ ತೆಗೆದಿದ್ದಿಲ್ಲ. ಆದರೆ ದಲಾಲಿ ಎಂದವನು ಗೊತ್ತಿಲ್ಲ ಎನ್ನಬಾರದು. ಬಸ್ಯಾ ಗಂಭೀರವಾಗಿ ಗಡ್ಡ ತುರಿಸಿಕೊಂಡ. ಗಡ್ಡ ಇರಲಿಲ್ಲ, ಜಾಗ ಇತ್ತು.

"ಸುಳಿ ಇರೂದು ಕೂದಲದಾಗ. ಕೂದಲಾ ಹೋತಂದ್ರ ಸುಳಿ ಹೋತು."

"ಆಮ್ಯಾಲೆ?"

"ಆಮ್ಯಾಲೇನು, ಮಾಲಕ ಉಳದಾ."

ಶಾಲೆಯ ಪಡಸಾಲೆಯಲ್ಲಿ ಕ್ಷೌರದ ಪರಸಪ್ಪ ಮಾಮಾ ಪೆಟ್ಟಿಗೆ ತೆರೆದು ಕೂತಿದ್ದ. ಅವನ ಕಣ್ಣಿಗೆ ಎಷ್ಟು ಪೊರೆ ಬಂದಿತ್ತೆಂದರೆ ಒಮ್ಮೆ ಕುರಿಯನ್ನು ಕೂರಿಸಿಕೊಂಡು, ಮೀಸೆ ಇಡಲೋ ಬೇಡವೋ ಎಂದು ಕೇಳಿದ್ದನಂತೆ. ಸತ್ಯಾ ಹೋಗಿ, ಹೇನಾಗಿದೆ, ಬೋಳಿಸಲು ಅವ್ವ ಹೇಳಿದ್ದಾಳೆ ಎಂದ. ಯಾರ ಮಗ ಎಂದು ಮಾಮಾ ಕೇಳಲಿಲ್ಲ. ನೀರು ಹಚ್ಚಿ ಕತ್ತಿ ಆಡಿಸಿದ. ಮನೆಯಲ್ಲಿ ತಂದೆ ತಾಯಿ ತೀರಿಕೊಂಡರೆ ಗಂಡುಮಕ್ಕಳ ತಲೆ ಬೋಳಿಸಿ, ಹಿಂದೆ ಒಂದು ಚಿಕ್ಕ ಜುಟ್ಟು ಬಿಡುವುದು ಅವನು ಆಯುಷ್ಯವಿಡೀ ಮಾಡಿದ ಕೆಲಸ. ಕಣ್ಣು ಹೋಗಿದ್ದರೂ ಕೈ ಮರೆತಿರಲಿಲ್ಲ. ಸತ್ಯಾನಿಗೂ ಜುಟ್ಟು ಬಿಟ್ಟ. ಎಲ್ಲಿ ಬಿಟ್ಟ? ಸರಿಯಾಗಿ ಸುಳಿಯ ಮೇಲೆ.

ಅವನು ತಿರುಗಿ ಬಯಲಿಗೆ ಬಂದಾಗ ನಾವು ನಕ್ಕಿದ್ದಕ್ಕೆ ಲೆಕ್ಕವಿಲ್ಲ. ತಲೆ ಹೊಸ ಹಿತ್ತಾಳೆ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಒಬ್ಬ ಅದರಲ್ಲಿ ಮುಖ ನೋಡಿಕೊಂಡು ಬೈತಲೆ ತೆಗೆದ. ಆದರೂ ಬಸ್ಯಾ ಮಾತಿಗೆ ತಪ್ಪಲಿಲ್ಲ. ಸುಳಿ ಮುಕ್ಕಾಲು ಹೋಗಿದೆ, ಉಳಿದದ್ದನ್ನು ನಾಳೆ ನೋಡೋಣ ಎಂದು ತೀರ್ಪು ಕೊಟ್ಟು ಟಾವೆಲು ಹಾಸಿದ. ಗಿರಾಕಿಗಳು ಮತ್ತೆ ಕೈಹಾಕಿದರು. ಬೆರಳುಗಳು ಏರುತ್ತಾ ಹೋದವು. ಸತ್ಯಾ ಎಷ್ಟೋ ದಿನಗಳ ಮೇಲೆ ಹಲ್ಲು ಕಾಣುವ ಹಾಗೆ ನಕ್ಕ.

ಆಗಲೇ ಮಾರುತಿ ಕಾಕಾ ಗೇಟಿನೊಳಗೆ ಬಂದ.

ಆಚೆ ದಡದಲ್ಲಿ ಸಿಕ್ಕಿಕೊಂಡಿದ್ದವನು ಹಾಲಿನ ಪಾಕೀಟುಗಳ ದೋಣಿಯಲ್ಲಿ ಬಂದಿದ್ದ. ಮೊಣಕಾಲವರೆಗೆ ಕೆಸರು, ಗಡ್ಡ ಬೆಳೆದಿತ್ತು, ಕೈಯಲ್ಲಿ ಬಾಳೆಹಣ್ಣಿನ ಚೀಲ. ಮಗನನ್ನು ಹುಡುಕುತ್ತ ನಮ್ಮ ಗುಂಪಿನ ಕಡೆ ನೋಡಿದ. ಮಗ ಸಿಕ್ಕ. ಮಗನ ತಲೆಯೂ ಕಂಡಿತು.

ಚೀಲ ಬಿತ್ತು. ನಾನು ಮೊದಲು ನೋಡಿದ್ದು ಬಾಳೆಹಣ್ಣನ್ನೇ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವನ ಮುಖ ನೋಡಿದೆ. ಅಪ್ಪನಾದ ತಾನು ಬದುಕಿ ನಿಂತಿದ್ದಾನೆ, ಮಗನ ತಲೆ ಬೋಳಾಗಿದೆ. ಹಾಗಾದರೆ ಸತ್ತವರು ಯಾರು ಎಂಬ ಲೆಕ್ಕ ಹಾಕಲು ಮಾರುತಿ ಕಾಕಾಗೆ ಹೊತ್ತು ಬೇಕಾಗಲಿಲ್ಲ.

"ಸತ್ಯಾ," ಎಂದ. "ಆಯಿ ಕುಠಂ ಹಾಯ್?"

ಅವ್ವ ಎಲ್ಲಿ ಎಂದು ಕೇಳಿದ್ದು. ಉತ್ತರಕ್ಕೆ ಕಾಯಲಿಲ್ಲ. ಸಗಣಿಯ ಮೇಲೆಯೇ ಕುಸಿದು ಕೂತು ಬಾಯಿ ಬಡಿದುಕೊಳ್ಳತೊಡಗಿದ. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾವು ಯಾರೂ ನೋಡಿರಲಿಲ್ಲ. ಬಸ್ಯಾನ ಟಾವೆಲಿನ ಕೆಳಗೆ ಕೈಗಳು ಹಾಗೇ ಇದ್ದವು, ಯಾರೂ ಯಾರ ಬೆರಳನ್ನೂ ಬಿಟ್ಟಿರಲಿಲ್ಲ.

ಸತ್ಯಾನ ಅವ್ವ ಅನ್ನದ ಸಾಲಿನಲ್ಲಿದ್ದಳು. ದನಿ ಗುರುತಾಗಿ ತಾಟು ಬಿಟ್ಟು ಓಡಿ ಬಂದಳು. ಗಂಡ ಅವಳನ್ನು ನೋಡಿದ, ಮಗನನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಅವಳಿಗೂ ಮಗನ ತಲೆ ಕಂಡದ್ದು ಆಗಲೇ. ಸತ್ಯಾ ಒಬ್ಬನೇ ಖುಷಿಯಿಂದಿದ್ದ.

"ನಾನಽ ಮಾಡಿಸ್ಕೊಂಡೆ," ಎಂದ, ನಮಗೂ ಕೇಳಲಿ ಎಂದು ಕನ್ನಡದಲ್ಲೇ. "ನೀ ಬರ್ಲಿ ಅಂತ. ಬಂದಿ ನೋಡು."

ಮಾರುತಿ ಕಾಕಾ ಹೊಡೆಯುತ್ತಾನೆಂದು ನಾವೆಲ್ಲ ಒಂದೊಂದು ಹೆಜ್ಜೆ ಮುಂದೆ ಬಂದೆವು, ಚೆನ್ನಾಗಿ ಕಾಣಲಿ ಎಂದು. ಹೊಡೆಯಲಿಲ್ಲ. ತನ್ನ ಟೋಪಿ ತೆಗೆದು ಮಗನ ತಲೆಗೆ ಇಟ್ಟ. ಅದು ಕಿವಿ ಮುಚ್ಚಿ, ಕಣ್ಣಿನವರೆಗೆ ಇಳಿಯಿತು. ಯಾರು ಹೇಳಿದ್ದು ಎಂದು ಕೇಳಲಿಲ್ಲ. ನಮ್ಮ ಮುಖಗಳನ್ನು ಮಾತ್ರ ಒಂದೊಂದಾಗಿ, ಹಲ್ಲು ನೋಡುವವರ ಹಾಗೆ ನೋಡಿದ. ಅದೇ ದೋಣಿಯಲ್ಲಿ ಮೂವರೂ ಹೋದರು.

ತಿರುಗಿ ಬರಲಿಲ್ಲ. ನೀರು ಇಳಿದಾಗ ಅವರ ಮನೆಯ ಮಣ್ಣಿನ ಗೋಡೆ ಕರಗಿತ್ತು. ಆಚೆ ದಡದಲ್ಲಿ ಸತ್ಯಾನ ಅವ್ವನ ತವರಿನಲ್ಲಿ ಉಳಿದರೆಂದು ಕೇಳಿದೆ. ಸಂಜೆಯಾದರೆ ನಮ್ಮ ಓಣಿಯಲ್ಲಿ ಮಗನನ್ನು ಊಟಕ್ಕೆ ಕರೆಯುವ ಒಂದು ಮರಾಠಿ ದನಿ ಇತ್ತು. ಈಗ ಆ ಜಾಗದಲ್ಲಿ ಗೊಬ್ಬರದ ಅಂಗಡಿ. ಈಗ ಸೇತುವೆಯೂ ಎತ್ತರವಾಗಿದೆ, ಹೊಳೆ ಎಷ್ಟು ಬಂದರೂ ನಮ್ಮೂರು ನಡುಗಡ್ಡೆಯಾಗುವುದಿಲ್ಲ. ಎತ್ತುಗಳು ಟ್ರ್ಯಾಕ್ಟರಾದವು. ಬಸ್ಯಾ ಫೋನಿನಲ್ಲಿ ಫೋಟೋ ಹಾಕಿ ಹಳೆಯ ಬೈಕು ಮಾರುತ್ತಾನೆ. ನಾವು ಹುಡುಗರು ಮತ್ತೆಂದೂ ಸಂತೆ ಕೂಡಿಸಲಿಲ್ಲ.

ಹೋದ ವರ್ಷ ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಸತ್ಯಾ ಕಂಡ. ನನಗಿಂತ ಎತ್ತರವಾಗಿದ್ದಾನೆ, ಇದನ್ನು ನಾನು ಬೇರೆಲ್ಲೂ ಒಪ್ಪುವುದಿಲ್ಲ. ಇಡೀ ಸ್ಟ್ಯಾಂಡಿಗೆ ಕೇಳುವಂತೆ ಹೆಸರು ಹಿಡಿದು ಕರೆದೆ. ಅವನು ತಿರುಗಿ ನೋಡಿದ, ಗುರುತು ಹಿಡಿದ, ಎದುರಿಗೆ ಹೊರಟಿದ್ದ ಬಸ್ಸು ಹತ್ತಿಬಿಟ್ಟ. ಅದು ಎಲ್ಲಿಗೆ ಹೋಗುವ ಬಸ್ಸೆಂದು ಅವನು ಬೋರ್ಡು ನೋಡಲಿಲ್ಲ.