ನೀರಿಗಿಳಿಯದವನ ಕಥೆ

ನೌಕಾಪಡೆಯಿಂದ ನಿವೃತ್ತನಾಗಿ ಶಿವಮೊಗ್ಗದ ಕೋಟೆಯ ಹತ್ತಿರ ಮನೆ ಮಾಡಿದ ಮೇಲೆ, ತಿಂಗಳಿಗೊಂದು ಭಾನುವಾರ ಭದ್ರಾವತಿಗೆ ಹೋಗಿಬರುವುದು ನನ್ನ ರೂಢಿಯಾಯಿತು. ತಿಂಡಿ ಮುಗಿಸಿ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಸ್ಸು ಹತ್ತಿದರೆ ಹತ್ತೂವರೆಗೆ ಆ ಊರಿನ ಜನ್ನಾಪುರ ಬಡಾವಣೆ. ಅಲ್ಲಿ ಒಬ್ಬ ತಾಯಿ ತಮ್ಮ ಮಗಳ ಜೊತೆ ಇದ್ದಾರೆ. ಅವರ ಮಗ ನನ್ನ ಹಡಗಿನಲ್ಲಿ ನಾವಿಕನಾಗಿದ್ದ. ಬಿರುಗಾಳಿಯ ಒಂದು ಬೆಳಿಗ್ಗೆ, ಡೆಕ್ಕಿನ ಮೇಲೆ ಸಡಿಲಗೊಂಡಿದ್ದ ಹಗ್ಗ ಬಿಗಿಯಲು ಹೋದವನನ್ನು ಅಲೆ ಎಳೆದುಕೊಂಡಿತು. ಎರಡು ದಿನ ಹುಡುಕಿದೆವು. ಸಿಗಲಿಲ್ಲ. ಅವತ್ತು ಡೆಕ್ಕಿನ ಹೊಣೆ ನನ್ನದಾಗಿತ್ತು.

ಮೊದಲ ಸಲ ಹೋದಾಗ ಏನು ಮಾತಾಡಬೇಕೆಂದೇ ತಿಳಿಯಲಿಲ್ಲ. ಆಕೆ ಕೊಟ್ಟ ಕಾಫಿ ಕುಡಿಯುತ್ತಾ, ಹಡಗಿನಲ್ಲಿ ಕಾಫಿ ಕುಡಿಯುವುದೇ ಒಂದು ಸರ್ಕಸ್ಸು ಎಂದು ಶುರುಮಾಡಿದೆ. ಹಡಗು ಹೊಯ್ದಾಡುವಾಗ ಒಬ್ಬ ಚಟ್ನಿಯ ಪಾತ್ರೆ ತಬ್ಬಿಕೊಂಡು ಊಟದ ಮನೆಯ ಈ ಗೋಡೆಯಿಂದ ಆ ಗೋಡೆಗೆ ಜಾರಿದ್ದು, ಚಟ್ನಿಯೆಲ್ಲ ತಲೆಮೇಲೆ ಸುರಿದುಕೊಂಡು, "ಸಾರ್, ಇಡ್ಲಿ ಇದ್ರೆ ಇಲ್ಲೇ ಅದ್ದಿಕೊಳ್ಳಿ" ಎಂದದ್ದು.

"ನನ್ ಮಗಾನಾ?" ಎಂದರು ಆಕೆ.

ಅಲ್ಲ ಎನ್ನುವ ಧೈರ್ಯವಾಗಲಿಲ್ಲ. "ಹೌದಮ್ಮ" ಎಂದೆ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಗು ಹಾಗೇ ಅಳುವಾಯಿತು, ಆಮೇಲೆ ಮತ್ತೆ ನಗುವಾಯಿತು. "ಇನ್ನೊಂದು ಹೇಳಿ ಸಾರ್."

ಹೀಗೆ ಶುರುವಾಯಿತು. ಮೂವತ್ತು ವರ್ಷ ಸಮುದ್ರದಲ್ಲಿ ಕಳೆದವನಿಗೆ ನಗೆಯ ಪ್ರಸಂಗಗಳಿಗೆ ಬರವಿಲ್ಲ. ಆದರೆ ಅವರ ಮಗ ನನ್ನ ಹಡಗಿನಲ್ಲಿದ್ದದ್ದು ಹದಿನಾಲ್ಕು ತಿಂಗಳು ಮಾತ್ರ, ಸ್ವಭಾವದಲ್ಲಿ ಮಿತಭಾಷಿ. ಅವನವೇ ಎನ್ನುವಂಥವು ಬೇಗ ಮುಗಿದುಹೋದವು. ಆಮೇಲೆ ಬೇರೆಯವರ ಕಿತಾಪತಿಗಳನ್ನೆಲ್ಲ ಅವನ ತಲೆಗೆ ಕಟ್ಟಿದೆ. ಮಗಳಿಗೆ ವಾಸನೆ ಹತ್ತಿತ್ತೆಂದು ಕಾಣುತ್ತದೆ. ಬಾಗಿಲಲ್ಲೇ ಛೇಡಿಸುತ್ತಿದ್ದಳು: "ಬಂದ್ರು ನೋಡಮ್ಮ ನಿನ್ನ ಹಡಗಿನ ಸಾಹೇಬ್ರು. ಸಾರ್, ಇವತ್ತು ನಮ್ಮಣ್ಣ ಯಾವ ತಿಮಿಂಗಿಲದ ಜೊತೆ ಕುಸ್ತಿ?"

"ಸುಮ್ನಿರೇ ಮಾರಾಯ್ತಿ, ಅವ್ರು ಹೇಳ್ಲಿ" ಎನ್ನುತ್ತಿದ್ದರು ತಾಯಿ.

ಕಳೆದ ಚಳಿಗಾಲದಲ್ಲಿ ಈಜಿನ ಕಥೆ ಹೇಳಿದೆ. ಸಮುದ್ರ ಶಾಂತವಾಗಿದ್ದ ದಿನ ನಡುನೀರಿನಲ್ಲೇ ಹಡಗು ನಿಲ್ಲಿಸಿ, ಎಲ್ಲರನ್ನೂ ಈಜಲು ಬಿಡುವುದುಂಟು. ಹೊಳೆಯುವುದೇನೂ ಮೈಮೇಲೆ ಇರಕೂಡದು, ಮೀನು ಬಾಯಿ ಹಾಕುತ್ತದೆ. ಅದಕ್ಕೆ ಸರ, ಉಂಗುರ, ಗಡಿಯಾರಗಳನ್ನೆಲ್ಲ ಈಜು ಬಾರದ ಅಡುಗೆಯವನ ಮೈಮೇಲೆ ಹೇರಿದ್ದರು. ಅವನು ಮದುಮಗನ ಹಾಗೆ ನಿಂತಿದ್ದ. "ನಿಮ್ಮ ಮಗನೇ ಮೊದಲು ನೋಡಿ ಅಮ್ಮ, ಕೊರಳಲ್ಲಿದ್ದದ್ದನ್ನೆಲ್ಲ ಬಿಚ್ಚಿ ಅವನ ಕೊರಳಿಗೆ ಹಾಕಿ ದುಡುಂ ಅಂತ ಹಾರಿದ" ಎಂದೆ.

ಯಾರೂ ನಗಲಿಲ್ಲ. ಆಕೆ ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಂತಿತು.

"ಎಲ್ಲಾ ಬಿಚ್ಚಿದ್ನಾ?"

ಆಗ ಹೊಳೆಯಿತು ನನಗೆ. ಅವರು ಲಿಂಗ ಧರಿಸುವವರು. ಮೈಮೇಲಿನ ಲಿಂಗ ಜೀವ ಇರುವ ತನಕ ಕೊರಳಲ್ಲಿರಬೇಕು, ಸತ್ತ ಮೇಲೆ ದೇಹದ ಜೊತೆ ಮಣ್ಣು ಸೇರಬೇಕು. ಅವರ ಮಗನಿಗೆ ಮಣ್ಣೇ ಸಿಕ್ಕಿರಲಿಲ್ಲ.

"ಇಷ್ಟು ವರ್ಷ ಕೇಳಕ್ಕೆ ಹೆದರ್ಕೊಂಡಿದ್ದೆ ಸಾರ್" ಎಂದರು. "ನೀರಿಗೆ ಹೋದಾಗ ಲಿಂಗ ಅವ್ನ ಮೈಮೇಲೆ ಇತ್ತೋ ಇಲ್ವೋ ಅಂತ. ತೆಗೆದಿಡೋ ಅಭ್ಯಾಸ ಇತ್ತಾ ಅವ್ನಿಗೆ?"

ಆ ದಿನ ನಿಜವಾಗಿ ನಡೆದದ್ದು ಬೇರೆ. ಎಲ್ಲರೂ ನೀರಿಗೆ ಬಿದ್ದರೂ ಅವರ ಮಗ ಮಾತ್ರ ಇಳಿಯಲಿಲ್ಲ. ಡೆಕ್ಕಿನ ಅಂಚಿನ ಕಟಕಟೆ ಹಿಡಿದು ನೋಡುತ್ತಾ ನಿಂತಿದ್ದ. ಕೆಳಗಿನಿಂದ ಗೆಳೆಯರು, "ಭದ್ರಾ ಹೊಳೇಲಿ ಈಜಿದ್ದು ಬರೀ ಬುರುಡೆ ಕಣೋ!" ಎಂದು ಅಣಕಿಸುತ್ತಿದ್ದರು. ನಾನು ಯಾಕಯ್ಯಾ ಎಂದು ಕೇಳಿದ್ದಕ್ಕೆ, ಶರ್ಟಿನೊಳಗಿಂದ ಲಿಂಗವಿದ್ದ ಬೆಳ್ಳಿಯ ಕರಡಿಗೆ ತೋರಿಸಿ, "ಇದನ್ನ ತೆಗೆಯಂಗಿಲ್ಲ ಸಾರ್" ಎಂದಿದ್ದ. ನೀರಿಗಿಳಿಯದವನ ಬಗ್ಗೆ ಏನು ಕಥೆ ಹೇಳುವುದೆಂದು, ಹೇಳುವ ಭರದಲ್ಲಿ ಅವನನ್ನು ನಾನೇ ನೀರಿಗೆ ಇಳಿಸಿದ್ದೆ.

ಇದನ್ನೆಲ್ಲ ಅವರಿಗೆ ಹೇಳಿದೆ. ಹೇಳುವಾಗಲೇ ನನ್ನ ಕಿವಿಗೂ ಅದು ಅನುಕೂಲಕ್ಕೆ ಕಟ್ಟಿದ ಹಾಗೆ ಕೇಳಿಸಿತು.

"ಇದೂ ಕಥೇನಾ ಸಾರ್?"

"ಅಲ್ಲಮ್ಮ. ಅವನು ಹೋದ ಮೇಲೆ ಅವನ ಪೆಟ್ಟಿಗೆಯ ಸಾಮಾನಿನ ಪಟ್ಟಿ ಬರೆದವನು ನಾನೇ. ಒಂದೊಂದನ್ನೂ ಕೈಯಲ್ಲಿ ಹಿಡಿದು ಬರೆದಿದ್ದೀನಿ. ಬಾಚಣಿಗೆ, ವಿಭೂತಿ ಗಟ್ಟಿ, ಎರಡು ಬನಿಯನ್. ಕರಡಿಗೆ ಇರಲಿಲ್ಲ. ಅದು ಅವನ ಕೊರಳಲ್ಲೇ ಇತ್ತು."

ಆಕೆ ನನ್ನ ಮುಖವನ್ನೇ ನೋಡಿದರು. ಕೋಪವಿರಲಿಲ್ಲ. "ನಿಮ್ ಮುಖ ನೋಡಿ ಏನೂ ಗೊತ್ತಾಗಲ್ಲ ಸಾರ್" ಎಂದರು. "ಸುಳ್ಳು ಹೇಳುವಾಗ್ಲೂ ಹಿಂಗೇ ಇದ್ರಿ."

ಆಮೇಲೆ, ಇಷ್ಟು ದಿನ ಹೇಳಿದ್ದರಲ್ಲಿ ಅವನವು ಯಾವುವು, ಬೇರೆಯವರವು ಯಾವುವು ಹೇಳಿಬಿಡಿ ಎಂದರು. ಮಗಳು ಗೋಡೆಗೊರಗಿ ನಿಂತಿದ್ದಳು, ಅವತ್ತು ಅವಳೂ ಛೇಡಿಸಲಿಲ್ಲ. ನಾನು ಒಂದೊಂದಾಗಿ ಹೇಳುತ್ತಾ ಹೋದೆ. ಮೊದಲ ವಾರವೆಲ್ಲ ವಾಂತಿ ಮಾಡಿ ನಿಂಬೆಹಣ್ಣು ಮೂಸುತ್ತಾ ಕೂತದ್ದು ಅವನೇ. ಗಡ್ಡ ಬಿಡಲು ಅರ್ಜಿ ಹಾಕಿ, ಗಡ್ಡವೇ ಬಾರದೆ ನಗೆಪಾಟಲಾದದ್ದು ಅವನಲ್ಲ. ಮನೆಯಿಂದ ಬಂದ ಚಟ್ನಿಪುಡಿಯನ್ನು ಎಲ್ಲರಿಗೂ ಹಂಚಿ ತಾನು ಬರೀ ಅನ್ನ ತಿಂದದ್ದು ಅವನೇ. ಚಟ್ನಿಯ ಪಾತ್ರೆ ತಬ್ಬಿಕೊಂಡು ಜಾರಿದ್ದು ಅವನಲ್ಲ.

"ಅದೂ ಅಲ್ವಾ" ಎಂದರು. "ಅದನ್ನ ನಾನು ಬೀದಿಗೆಲ್ಲ ಹೇಳಿದ್ದೆ."

ಬಾಳೆಹಣ್ಣು ಚೀಲದಲ್ಲೇ ಇತ್ತು. ಅದನ್ನು ಒಳಗಿಟ್ಟು ಬಸ್ಸಿಗೆ ಬಂದೆ. ಕೊಟ್ಟದ್ದನ್ನು ವಾಪಸ್ಸು ಕಿತ್ತುಕೊಂಡು ಬಂದ ಹಾಗಿತ್ತು.

ಇನ್ನು ಹೋಗಬಾರದು ಅಂದುಕೊಂಡಿದ್ದೆ. ಮುಂದಿನ ತಿಂಗಳು ಕಾಲು ತಾನೇ ಬಸ್‌ಸ್ಟ್ಯಾಂಡಿಗೆ ನಡೆಯಿತು. ಈಗಲೂ ಹೋಗುತ್ತೇನೆ. ಆಕೆ ಕಾಫಿ ಕೊಡುತ್ತಾರೆ, ಕಥೆ ಕೇಳುವುದಿಲ್ಲ. ನಾನು ಎದ್ದು ಚಪ್ಪಲಿ ಮೆಟ್ಟುವ ಹೊತ್ತಿಗೆ ಮಾತ್ರ, ಪ್ರತಿ ಸಲ, "ಅವತ್ತು ಕರಡಿಗೆ ಎಲ್ಲಿತ್ತು ಸಾರ್?" ಎನ್ನುತ್ತಾರೆ. "ಪಟ್ಟಿ ನಾನೇ ಬರೆದೆ ಅಮ್ಮ. ಪೆಟ್ಟಿಗೆಯಲ್ಲಿ ಇರಲಿಲ್ಲ. ಕೊರಳಲ್ಲೇ ಇತ್ತು" ಎನ್ನುತ್ತೇನೆ. ಅವರು ಕಣ್ಣು ಮುಚ್ಚಿ ಒಂದೊಂದು ಪದವನ್ನೂ ಕೇಳಿಸಿಕೊಳ್ಳುತ್ತಾರೆ, ಹೋದ ತಿಂಗಳು ಹೇಳಿದ್ದಕ್ಕೂ ಇದಕ್ಕೂ ಎಲ್ಲಾದರೂ ವ್ಯತ್ಯಾಸ ಬರುತ್ತದೋ ಎಂದು.