ಸುತ್ತಲು ಬಾರದ ಕಾಯಿಲ್

ನಮ್ಮ ಮನೆಯವರು ಕೊಟ್ಟೂರಿನಲ್ಲಿ ಪಂಪ್‌ಸೆಟ್ ಮೋಟರು ಸುತ್ತುತ್ತಾರೆ. ಸುಟ್ಟ ಮೋಟರಿನೊಳಗಿನ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷು ಹೊಯ್ದು, ಬಿಸಿಲಿಗಿಟ್ಟು ಒಣಗಿಸಿ ಕೊಡುವುದು ಅವರ ಕಸುಬು. ಮನೆಗೆ ಹೊಸ ಮಿಕ್ಸಿ, ಹೊಸ ಫ್ಯಾನು ಬಂದದ್ದನ್ನು ನಾನು ಕಂಡೇ ಇಲ್ಲ. ಇದ್ದವೇ ಮತ್ತೆ ಮತ್ತೆ ಹೊಸದಾಗುತ್ತವೆ. ಹೀಗಾಗಿ ಕಾರಿನ ಇಗ್ನಿಷನ್ ಕಾಯಿಲ್ ಕೆಟ್ಟಾಗ ಅವರು ಹೊಸದಕ್ಕೆ ಒಪ್ಪದೆ ಇದ್ದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಕಾರು ತಂದವರು ಅವರಾದರೂ ಓಡಿಸುವವಳು ನಾನು. ಅವರಿಗೆ ಬೈಕೇ ಸಾಕು. ಹೊಸಪೇಟೆಯ ಗುತ್ತಿಗೆದಾರರೊಬ್ಬರು ಶೋಕಿಗೆ ಇಟ್ಟುಕೊಂಡಿದ್ದ, ಜೋರಾಗಿ ಓಡುವುದಕ್ಕೆಂದೇ ಮಾಡಿದ ಹಳೆಯ ಪೆಟ್ರೋಲ್ ಕಾರು ಅದು. ನೆಲಕ್ಕೆ ತಗ್ಗು, ಮಾಸಿದ ಕೆಂಪು. ನಮ್ಮ ಕಡೆ ಅಂಥದನ್ನು ಕೇಳುವವರಿಲ್ಲದ್ದರಿಂದ ಅಗ್ಗಕ್ಕೆ ಸಿಕ್ಕಿತು. ನಾನು ಸ್ಟೇರಿಂಗು ಹಿಡಿಯಲು ಕಲಿತದ್ದೇ ಅದರಲ್ಲಿ. ನಾನು ಕಲಿಸುವ ಶಾಲೆ ಇಟ್ಟಿಗಿಯಿಂದ ಆಚೆಗಿನ ಹಳ್ಳಿಯಲ್ಲಿ. ಬಸ್ಸಿಗಾದರೆ ರೊಟ್ಟಿ ಅರ್ಧಕ್ಕೆ ಬಿಟ್ಟು ಓಡಬೇಕು, ಇಟ್ಟಿಗಿಯಲ್ಲಿ ಇಳಿದು ಮತ್ತೆ ಆಟೋಗೆ ಕಾಯಬೇಕು. ಕಾರಿಗಾದರೆ ಅತ್ತೆಯ ಜೊತೆ ಕೂತು ಉಂಡು ಹೊರಡಬಹುದು. ಇನ್ನೊಂದು ಕಾರಣವೂ ಇದೆ. ಊರು ದಾಟಿ ರಸ್ತೆ ನೆಟ್ಟಗಾದಲ್ಲಿ, ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತದೆ, ಎರಡೂ ಬದಿಯ ಮೆಕ್ಕೆಜೋಳ ಒಂದೇ ಹಸಿರು ಪಟ್ಟಿಯಾಗುತ್ತದೆ. ಐವತ್ತರ ಹತ್ತಿರ ಬಂದ ಟೀಚರಿಗೆ ಇದು ಒಪ್ಪುವ ಆಸೆಯೋ ಅಲ್ಲವೋ, ನನಗಂತೂ ಇತ್ತು.

ಒಂದು ಬೆಳಗ್ಗೆ ಕಾರು ಶುರುವಾಗುತ್ತಲೇ ಚಳಿಜ್ವರ ಬಂದವರ ಹಾಗೆ ನಡುಗಿತು. ಕಾಲು ಒತ್ತಿದರೆ ಮುಂದಕ್ಕೆ ಹೋಗುವ ಬದಲು ಮುಗ್ಗರಿಸಿತು. ಹಿಂದಿನಿಂದ ಹಸಿ ಪೆಟ್ರೋಲಿನ ವಾಸನೆ. ಮೆಲ್ಲಗೆ ಹಗರಿಬೊಮ್ಮನಹಳ್ಳಿಗೆ ಒಯ್ದೆವು. ಅಲ್ಲಿಯ ಮೆಕ್ಯಾನಿಕ್ ನಮ್ಮ ಮನೆಯವರ ಜೊತೆ ಹೈಸ್ಕೂಲು ಓದಿದವರು, ಇಬ್ಬರಿಗೂ ಲೇ ಎನ್ನದೆ ಮಾತು ಬಾರದು. ಈ ಎಂಜಿನ್ನಿನಲ್ಲಿ ನಾಲ್ಕು ಪ್ಲಗ್ಗುಗಳು ಆಳವಾದ ಕುಣಿಗಳಲ್ಲಿ ಕೂತಿರುತ್ತವೆ. ಒಂದೊಂದರ ತಲೆಯ ಮೇಲೂ ಒಂದೊಂದು ಕಾಯಿಲ್. ಬ್ಯಾಟರಿಯ ಚೂರು ಕರೆಂಟನ್ನು ಹಿಗ್ಗಿಸಿ ಕಿಡಿ ಹಾರುವಂತೆ ಮಾಡುವುದು ಅದರ ಕೆಲಸ. ಮೆಕ್ಯಾನಿಕ್ ಮೊದಲನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಿ ನೋಡಿದರು. ಅಲ್ಲಿಯವರೆಗೆ ಸುಮ್ಮನಿದ್ದ ಮೊದಲನೇ ಸಿಲಿಂಡರು ಕೆಲಸ ಹಿಡಿಯಿತು, ಮೂರನೆಯದು ನಿಂತಿತು.

"ರೋಗ ಕಾಯಿಲ್ ಹಿಂದ ಹೊಂಟೈತಿ ನೋಡು. ನಾಲ್ಕೂ ಒಂದ ವಯಸ್ಸಿನವು, ಒಂದು ಹೋದ್ರ ಉಳಿದವೂ ಬಾಳ ದಿನ ಇರಂಗಿಲ್ಲ. ಎಲ್ಲಾ ಹೊಸಾವು ಹಾಕಿಬಿಡು."

"ಕಾಯಿಲ್ ಅಂದಮ್ಯಾಲ ಒಳಗ ತಂತಿ ಐತಿಲ್ಲ," ಎಂದರು ನಮ್ಮವರು. "ತಂತಿ ಐತಿ ಅಂದ್ರ ಸುತ್ತಾಕ ಬರಬೇಕು."

"ಲೇ, ಇದು ನಿನ್ನ ಬೋರಿನ ಮೋಟರ್ ಅಲ್ಲಲೇ. ಕೂದಲಿಗಿಂತ ಸಣ್ಣ ತಂತಿ, ಮ್ಯಾಲ ಕಲ್ಲಿನಂಥಾ ರಾಳ ಹೊಯ್ದಾರ."

"ನಿನಗ ಬಿಚ್ಚಾಕ ಬರಂಗಿಲ್ಲ ಅನ್ನು."

"ಆತಪ, ನೀನ ಬಿಚ್ಚು. ನಾ ಕುಂತು ನೋಡ್ತೀನಿ."

ಬಿಚ್ಚಿದ್ದು ಮಾತ್ರ ನಮ್ಮ ಅಡಿಗೆಮನೆಯಲ್ಲಿ. ರಾಳ ಮೆತ್ತಗಾಗಲಿ ಎಂದು ನನ್ನ ಸಾರಿನ ಪಕ್ಕದ ಒಲೆಯ ಮೇಲೆ ಕಾಯಿಲನ್ನು ಕಾಯಿಸಿದರು. ಮನೆಯೆಲ್ಲ ಸುಟ್ಟ ನಾತ. ಆಮೇಲೆ ಉಳಿ ಹಿಡಿದು ಬಡಿದರು. ಒಳಗಿನಿಂದ ಬಂದದ್ದು ಕೆಂಪು ಹತ್ತಿಯಂಥ ತಂತಿಯ ಚೂರು, ಕಪ್ಪು ನುಚ್ಚು. ಅತ್ತೆ ಬಾಗಿ ನೋಡಿ, "ಏನಲೇ ಇದು, ಅವಲಕ್ಕಿ ಕುಟ್ಟೀಯೇನು?" ಎಂದರು. ನಾನು ನಗು ತಡೆಯಲು ಸಾರಿಗೆ ಇನ್ನೊಮ್ಮೆ ಉಪ್ಪು ಹಾಕಿದೆ.

ಅವರು ಸೋಲಲಿಲ್ಲ. ಗುಜರಿಯಿಂದ ಒಂದು ಹಳೆಯ ಕಾಯಿಲ್ ತಂದರು. ಉಳಿದ ಮೂರರ ಕೆಳಗಿನ ರಬ್ಬರು ಕೊಳವೆಗಳು ಬಿರಿದಿದ್ದವು, ಅವಕ್ಕೆ ಹೊಸ ರಬ್ಬರು ಹಾಕಿದರು. ಪ್ಲಗ್ಗಿಗೆ ತಾಗುವ ಸ್ಪ್ರಿಂಗು ಹಸಿರುಗಟ್ಟಿತ್ತು, ಅದನ್ನು ಉಜ್ಜಿ ಎಳೆದು ಸರಿಮಾಡಿದರು. ಕಾರು ಓಡಿತು, ಚೆನ್ನಾಗಿಯೇ ಓಡಿತು. ಮೆಕ್ಯಾನಿಕ್ ಕೂಡ, "ರಬ್ಬರು, ಸ್ಪ್ರಿಂಗು ರಿಪೇರಿಗೆ ಬರ್ತಾವ, ಅದರಾಗ ಎರಡು ಮಾತಿಲ್ಲ" ಎಂದು ಒಪ್ಪಿದರು.

ಕೆಲವು ವಾರ ಕಳೆದು ಮತ್ತೆ ನಡುಕ. ಬಿಚ್ಚಿ ಒರೆಸಿ ಹಾಕಿದರು, ಸರಿಹೋಯಿತು. ಮತ್ತಷ್ಟು ದಿನಕ್ಕೆ ಮತ್ತೆ ಅದೇ. ಕೊನೆಗೊಮ್ಮೆ ಮೂವರೂ ಬೀಗರ ಮನೆಗೆಂದು ಕೂಡ್ಲಿಗಿಗೆ ಹೊರಟಾಗ ನಡುದಾರಿಯಲ್ಲಿ ನಿಂತೇಬಿಟ್ಟಿತು. ಅತ್ತೆ ಒಂದು ಕಲ್ಲಿನ ಮೇಲೆ ಕೂತು ಹೋಗುವ ಬರುವ ಲಾರಿಗಳನ್ನು ನೋಡುತ್ತಿದ್ದರು. ನಮ್ಮವರು ಬಾನೆಟ್ಟಿನ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತರು.

"ಇನ್ನೊಮ್ಮಿ ನಿಂತ್ರ ಹರಪನಹಳ್ಳಿಯಾಂವಗ ಕೊಟ್ಟುಬಿಡ್ತೀನಿ," ಎಂದರು. ಆತ ಹಳೇ ಕಾರು ಕೊಂಡು ಬಿಚ್ಚಿ ಮಾರುವ ವ್ಯಾಪಾರಿ. ಇದು ಸಿಟ್ಟಿನ ಮಾತಾಗಿದ್ದರೆ ನಾನು ಹೆದರುತ್ತಿರಲಿಲ್ಲ. ಅವರ ದನಿ ಸಣ್ಣದಾಗಿತ್ತು. ತಾನು ಮುಟ್ಟಿ ಸರಿಮಾಡಿದ್ದು ಹೀಗೆ ಮತ್ತೆ ಮತ್ತೆ ಕೆಡುವುದು ಅವರ ಕಸುಬಿನಲ್ಲಿ ಆದದ್ದಿಲ್ಲ. ಅದು ಅವರಿಗೆ ನಾಟಿತ್ತು. ಆ ವ್ಯಾಪಾರಿಗೆ ಫೋನೂ ಮಾಡಿದರು. ಆತ ಮುಂದಿನ ತಿಂಗಳು ಬರುತ್ತೇನೆ ಎಂದ.

ನಾನು ಮತ್ತೆ ಬಸ್ಸು ಹಿಡಿದೆ. ಸೀಟು ಸಿಕ್ಕ ದಿನ ಡಬ್ಬಿ ಬಿಚ್ಚಿದರೆ ಒಳಗೆ ತಂಗಳ ಹೋಳಿಗೆ. ತಿನ್ನುತ್ತ ತಿನ್ನುತ್ತ ಅನಿಸಿತು, ಹೋದ ಸಲ ಕಾರು ಕೆಟ್ಟು ಬಸ್ಸಿಗೆ ಬಂದಾಗಲೂ ತಂಗಳ ಹೋಳಿಗೆಯೇ ತಿಂದಿದ್ದೆ. ಅದರ ಹಿಂದಿನ ಸಲವೂ. ಹೋಳಿಗೆ ನಮ್ಮಲ್ಲಿ ಮಾಡುವುದು ಅಮಾವಾಸ್ಯೆಗೆ. ಅಲ್ಲಿಗೆ ನನ್ನ ಬಾಯಿ ನಿಂತಿತು.

ಅಮಾವಾಸ್ಯೆಗೆ ನಮ್ಮಲ್ಲಿ ಅಂಗಡಿಯ ಮೋಟರು, ಬೈಕು, ಕಾರು ಎಲ್ಲಕ್ಕೂ ಪೂಜೆ. ಊರವರು ಗಾಡಿಯ ಮೈ ತೊಳೆದು ಹಾರ ಹಾಕಿ ಕಾಯಿ ಒಡೆದರೆ, ಅತ್ತೆಗೆ ಅಷ್ಟು ಸಾಲದು. "ಮೈಗಿ ಪೂಜಿ ಮಾಡಿ ಒಳಗಿನ ಜೀವಾ ಹಂಗ ಬಿಡಾಕಾಗತೈತೇನು," ಎಂದು ಬಾನೆಟ್ಟು ಎತ್ತಿಸುತ್ತಾರೆ. ಎಂಜಿನ್ನಿನ ನೆತ್ತಿಗೆ ಒಂದು ತಂಬಿಗೆ ನೀರು, ಅದರ ಮೇಲೆ ಕಾಯಿ ಒಡೆದ ನೀರು, ಆಮೇಲೆ ವಿಭೂತಿ. ಎಂಜಿನ್ನಿನ ಮೇಲುಮುಚ್ಚಳ ಗುತ್ತಿಗೆದಾರರ ಕಾಲದಲ್ಲೇ ಕಳೆದಿತ್ತು. ಆ ನೀರೆಲ್ಲ ಪ್ಲಗ್ಗಿನ ಕುಣಿಗಿಳಿದು ಕಾಯಿಲಿನ ಕಾಲಿಗೆ ನಿಲ್ಲುತ್ತಿತ್ತು.

ಸಂಜೆ ಹೇಳಿದೆ. ನಮ್ಮವರು ಎದ್ದುಹೋಗಿ ಕಾಯಿಲ್‌ಗಳನ್ನು ಎಳೆದು ಮೂಸಿ ನೋಡಿದರು. ಒಂದರ ತುದಿ ಅಂಟಂಟಾಗಿತ್ತು. ಎರಡರ ಮೈಮೇಲೆ ಕೂದಲೆಳೆಯ ಬಿರುಕು, ಕಿಡಿ ದಾರಿ ತಪ್ಪಿ ಓಡಿದ ಕಪ್ಪು ಗೆರೆ.

"ಅವ್ವಗ ನೀ ಹೇಳು," ಎಂದರು.

"ನಿಮ್ಮವ್ವ, ನೀವ ಹೇಳ್ರಿ."

"ನಿನ್ನ ಮಾತು ಬಾಳ ಕೇಳ್ತಾಳ."

ಅತ್ತೆ ಪಡಸಾಲೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ನಾನೂ ಒಂದು ಕಟ್ಟು ಎಳೆದುಕೊಂಡು ಕೂತು, ಸೊಪ್ಪಿನ ಜೊತೆ ಮಾತನ್ನೂ ಬಿಡಿಸಿದೆ. ಅವರು ಕೈ ನಿಲ್ಲಿಸಲಿಲ್ಲ.

"ಮೋಟರಿಗೂ ಹಾಕ್ತೀನಿ ನೀರು. ಅವೇನೂ ಅನ್ನಂಗಿಲ್ಲಲ್ಲ."

"ಅವು ಬೋರಿನಾಗ ನೀರೊಳಗ ಬಾಳ್ವಿ ಮಾಡೋವು ಅತ್ತಿ. ಇದು ಒಣಗೇ ಇರಬೇಕು."

ಅಮಾವಾಸ್ಯೆ ಅವರ ದಿನ. ಅದರಲ್ಲಿ ಕೈ ಹಾಕಿದೆನಲ್ಲ ಎಂದು ನನಗೆ ಅಳುಕು. ಅತ್ತೆ ಬಾಗಿಲ ಮರೆಯಲ್ಲಿ ನಿಂತಿದ್ದ ಮಗನಿಗೆ ಕೇಳುವಂತೆ ಹೇಳಿದರು: "ಅಲ್ಲೇನ ನಿಂತೀಯೋ, ಒಳಗ ಬಾ. ನಾ ನೀರು ಹೊಯ್ಯೋದು, ನೀ ಒರಸೋದು. ಎಷ್ಟು ಅಮಾಸಿ ಹಿಂಗ? ಒಡದದ್ದು ಒಡದೈತಿ. ಹೊಸಾವು ತರಿಸು."

"ನಾ ಮಾಡಿದ ರಿಪೇರಿ ಸರಿ ಇತ್ತವ್ವ."

"ಸರಿ ಇತ್ತು, ಯಾರ ಇಲ್ಲಂದ್ರು? ನಾ ಕೆಡಿಸೀನಿ. ತರಿಸು ಈಗ."

ಅವ್ವನ ಬಾಯಲ್ಲಿ ಅಷ್ಟು ಬಂದ ಮೇಲೆ ನಮ್ಮವರ ಮುಖ ಹಗುರಾಯಿತು. ದಾವಣಗೆರೆಯಿಂದ ನಾಲ್ಕು ಹೊಸ ಕಾಯಿಲ್, ನಾಲ್ಕು ಪ್ಲಗ್ಗು ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂದವು. ಬಿರುಕಿಲ್ಲದ ಎರಡು ಹಳೆಯವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ದಾರಿಯಲ್ಲಿ ಬೇಕಾದೀತೆಂದು ಡಿಕ್ಕಿಯಲ್ಲಿಟ್ಟರು. ಅದನ್ನು ಬೇಡ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಮುಂದಿನ ಅಮಾವಾಸ್ಯೆಗೂ ಬಾನೆಟ್ಟು ಎದ್ದಿತು. ನಮ್ಮವರು ಎಂಜಿನ್ನಿನ ಮೇಲೆ ತಮ್ಮ ಟವೆಲ್ಲು ಹೊದಿಸಿ ಕಾವಲು ನಿಂತರು. ಅತ್ತೆ ಎರಡು ಬೆರಳಿನಲ್ಲಿ ಒಣ ವಿಭೂತಿ ಹಚ್ಚಿ, ಒಂದು ಸೇವಂತಿಗೆ ಇಟ್ಟು, ಕಾಯಿಯನ್ನು ದೂರದ ಬಚ್ಚಲ ಕಲ್ಲಿಗೆ ಒಯ್ದು ಒಡೆದರು. ಬರುವಾಗ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೇ ಬಂದರು.

ಮರುದಿನ ಬೆಳಗ್ಗೆ ಕೀಲಿ ತಿರುಗಿಸಿದೆ. ಎಂಜಿನ್ನು ಒಂದೇ ಸಮನೆ ಹಿಡಿಯಿತು. ಅತ್ತೆ ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟು ಕೇಳಿ, "ಹೂಂ" ಎಂದು ಒಳಗೆ ಹೋದರು. ಅಷ್ಟರಲ್ಲಿ ನಮ್ಮವರಿಗೆ ಫೋನು ಬಂತು. ಆ ವ್ಯಾಪಾರಿ, ಇವತ್ತು ಬರಲೇನ್ರಿ ಎಂದು ಕೇಳುತ್ತಿದ್ದ.

"ಬರಬ್ಯಾಡ್ರಿ," ಎಂದರು ಅವರು, ಫೋನು ಕಿವಿಗೆ ಒತ್ತಿಕೊಂಡೇ ನನಗೆ ಕಾರು ಹಿಂದೆ ಹಿಂದೆ ತಗಿ ಎಂದು ಕೈ ಬೀಸುತ್ತ. "ಗಾಡಿ ಮನಿಯಾಗ ಇಲ್ಲ. ಶಾಲಿಗಿ ಹೊಂಟೈತಿ."