ಹತ್ತು ರೊಟ್ಟಿಯ ಎಲೆ

ಮೊನ್ನೆ ಅಫಜಲಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಹವಳಗಾದ ಸಕ್ಕರೆ ಕಾರ್ಖಾನೆಯ ಕಡೆಯಿಂದ ಗಾಳಿ ತಿರುಗಿದ್ದೇ ತಡ, ಕಬ್ಬಿನ ಹಾಲು ಕುದಿಯುವ ವಾಸನೆ ಬಸ್ಸಿನ ತುಂಬ ಹರಡಿತು. ಕಬ್ಬು ನುರಿಸುವ ದಿನಗಳಲ್ಲಿ ನೀವು ಆ ದಾರಿಯಲ್ಲಿ ಹೋಗಿದ್ದರೆ ನಿಮಗೂ ಗೊತ್ತಿರುತ್ತದೆ: ಮೊದಲು ಹೊಸ ಬೆಲ್ಲದ ಹಾಗೆ ಹಿತವಾಗಿ ಶುರುವಾಗುತ್ತದೆ, ಸ್ವಲ್ಪ ದೂರ ಹೋಗುವುದರೊಳಗೆ ಗಂಟಲಲ್ಲಿ ಕೂತುಬಿಡುತ್ತದೆ. ಪಕ್ಕದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ, ವಿಚಿತ್ರ ನೋಡಿ, ಅಷ್ಟು ಸಿಹಿ ವಾಸನೆಗೆ ಬಾಯೆಲ್ಲ ಕಹಿಯಾಯಿತು. ಗುರುಬಾಯಿ ಅತ್ತೆ ನೆನಪಾದಳು. ನಾನು ಹೊರಟಿದ್ದೂ ಅವಳ ಮನೆಗೇ, ಅವಳು ತೀರಿಕೊಂಡ ವರ್ಷದ ದಿನಕ್ಕೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಹುಟ್ಟಿ ಬೆಳೆದದ್ದು ಆಳಂದ ತಾಲೂಕಿನ ಹಿರೋಳ್ಳಿಯ ಕಲ್ಲುನೆಲದಲ್ಲಿ. ಮದುವೆಯಾಗಿ ಹೋದದ್ದು ಸೊನ್ನದ ಹತ್ತಿರ, ಭೀಮೆಯ ದಂಡೆಯ ಕಪ್ಪು ಮಣ್ಣಿಗೆ. ಗಂಡನ ಊರಿನಲ್ಲಿ ಏನು ಹಾಕಿದರೂ ಮೊಳಕಾಲೆತ್ತರ ಬರುತ್ತಿತ್ತು, ಆಣೆಕಟ್ಟಾದ ಮೇಲಂತೂ ಕೇಳುವುದೇ ಬೇಡ. ಆದರೂ ಅವಳ ಬಾಯಲ್ಲಿ ತವರಿನ ಮಣ್ಣಿನ ಹೊಗಳಿಕೆ ಇಳಿಯಲಿಲ್ಲ. "ಹೊಟ್ಟಿಗಿ ಈ ಊರು ಛಲೋ, ದವಾಕ್ಕ ಹಿರೋಳ್ಳಿ ಛಲೋ" ಎನ್ನುತ್ತಿದ್ದಳು. ದವಾ ಎಂದರೆ ಅವಳಿಗೆ ಒಂದೇ ಔಷಧ. ಹಿರೋಳ್ಳಿಯ ಹೊರಗಿನ ಮರಡಿಗುಡ್ಡದ ಮೇಲೆ, ಮುಳ್ಳುಕಂಟಿಗಳಿಗೆ ಸುತ್ತಿಕೊಂಡು ಬೆಳೆಯುವ ಒಂದು ಬಳ್ಳಿಯ ಎಲೆ. ಪುಸ್ತಕಗಳು ಅದನ್ನು ಮಧುನಾಶಿನಿ ಎನ್ನುತ್ತವೆ. ಅತ್ತೆ ಬರೀ 'ಎಲಿ' ಎನ್ನುತ್ತಿದ್ದಳು.

ಆ ಎಲೆಯ ಕರಾಮತ್ತು ನೋಡದವರಿಗೆ ಹೇಳಿದರೆ ನಂಬುವುದಿಲ್ಲ. ಎರಡು ಎಲೆ ಚೆನ್ನಾಗಿ ಅಗಿದು ನಾಲಿಗೆಗೆಲ್ಲ ಹಚ್ಚಿಕೊಂಡು ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳಿ, ಉಸುಕು ತಿಂದ ಹಾಗಾಗುತ್ತದೆ. ಸಿಹಿ ಎನ್ನುವುದೇ ಇರುವುದಿಲ್ಲ. ಒಮ್ಮೆ ಪಕ್ಕದ ಹೊಲದ ಕಬ್ಬಿನ ರೈತನೊಬ್ಬ ಅತ್ತೆಯ ಮಾತಿಗೆ ನಕ್ಕು, ಎಲೆ ಅಗಿದು, ಸಕ್ಕರೆ ಹಾಕಿಕೊಂಡು, ಗಾಬರಿಯಲ್ಲಿ ಎದ್ದು ನಿಂತಿದ್ದ. "ಯಕ್ಕಾ, ವರ್ಷಾನಗಟ್ಟಲೆ ನೀರು ಕಟ್ಟಿ ಬೆಳಸಿದ್ದನ್ನ ನಿಮ್ಮ ಒಂದು ಎಲಿ ಸುಳ್ಳ ಮಾಡ್ತಲ್ರಿ!" ಎಂದಿದ್ದ. ಅತ್ತೆ ಆ ಮಾತನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಆದರೆ ಎಲ್ಲ ಎಲೆಯೂ ಒಂದೇ ಅಲ್ಲ ಎನ್ನುವುದು ಅವಳ ವಾದ. ಅದನ್ನು ಅಳೆಯಲು ಅವಳದೇ ಒಂದು ಮಾಪು ಇತ್ತು. ಎಲೆ ಅಗಿದು, ಹಿಟ್ಟಿನ ಮುಂದೆ ಕೂತು ರೊಟ್ಟಿ ಬಡಿಯಲು ಶುರುಮಾಡುವಳು. ಒಂದೊಂದು ರೊಟ್ಟಿ ಹಂಚಿನ ಮೇಲೆ ಬಿದ್ದಾಗಲೂ ಬೆಲ್ಲದ ಒಂದು ಚೂರು ಬಾಯಿಗೆ. ಎಷ್ಟನೆಯ ರೊಟ್ಟಿಗೆ ಸಿಹಿ ಮರಳಿ ಬಂತೋ ಅದು ಆ ಎಲೆಯ ಬೆಲೆ. ಕಾಲುವೆಯ ದಂಡೆಯ ಮೇಲೆ ತಾನಾಗಿ ಹಬ್ಬಿದ ಬಳ್ಳಿಯದು ಎರಡು ರೊಟ್ಟಿ. ಜೇವರ್ಗಿ ಕಡೆಯ ತೊಗರಿ ಹೊಲದ ಬದುವಿನದು ನಾಲ್ಕೈದು. ಹಿರೋಳ್ಳಿ ಮರಡಿಯದು ಹತ್ತು. ಅದೂ ಯಾವಾಗಲೂ ಅಲ್ಲ. ಮಳೆಗಾಲದ ಎಲೆಯನ್ನು ಅವಳು ಮುಟ್ಟುತ್ತಿರಲಿಲ್ಲ. ಮಳೆ ನಿಂತು, ನೆಲ ಒಣಗಿ, ಜೋಳದ ತೆನೆ ಎಳೆಗಾಳಾಗಿ ಸೀತನಿಗೆ ಬರುವ ಹೊತ್ತಿಗೆ, ಎಳ್ಳ ಅಮಾವಾಸ್ಯೆಯ ಮರುದಿನ ತವರಿಗೆ ಹೋಗಿ ಮರಡಿ ಹತ್ತುವಳು. ವರ್ಷಕ್ಕಾಗುವಷ್ಟು ಕೊಯ್ದು ನೆರಳಲ್ಲಿ ಒಣಗಿಸಿಕೊಂಡು ಬರುವಳು.

"ಕಾಲುವಿ ದಂಡಿ ಬಳ್ಳಿ ಕುಂತಲ್ಲೇ ಉಂಡು ಬೆಳದದ ಬೇ. ಅದರಾಗ ಕಸು ಎಲ್ಲಿಂದ ಬರಬೇಕು?" ಎಂದು ನನಗೆ ಬುದ್ಧಿ ಹೇಳುವಳು. "ಗಿಡಕ್ಕ ಬಿಸಲ ಹತ್ತಬೇಕು, ನೀರಡಿಸಬೇಕು, ಆಡು ಬಂದು ಬಾಯಿ ಹಾಕಬೇಕು. ಆಗ ಅದು ತನ್ನ ಜೀವಾ ಉಳಿಸ್ಕೊಳಾಕ ಮೈಯಾಗ ಕಹಿ ಹುಟ್ಟಿಸ್ತದ. ಆ ಕಹೀನೇ ನಮಗ ದವಾ."

ಇದನ್ನು ಅವಳು ಹೇಳುತ್ತಿದ್ದದ್ದು ಯಾರಿಗೆ? ಜೇವರ್ಗಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮೇಡಂಗೆ. ನೀರಿನ ಕೊರತೆ, ಬಿಸಿಲು, ಕೀಟಗಳ ಕಾಟ ಹೆಚ್ಚಾದಾಗ ಸಸ್ಯಗಳು ಆತ್ಮರಕ್ಷಣೆಯ ರಾಸಾಯನಿಕಗಳನ್ನು ಹೆಚ್ಚು ತಯಾರಿಸುತ್ತವೆ ಎಂದು ನಾನು ಪ್ರತಿ ವರ್ಷ ನೋಟ್ಸ್ ಬರೆಸುತ್ತಿದ್ದೆ. ಪರೀಕ್ಷೆಗೆ ಬರುವ ಪ್ರಶ್ನೆ, ಕೆಂಪು ಗೆರೆ ಎಳೆದುಕೊಳ್ಳಿ ಎಂದೂ ಹೇಳುತ್ತಿದ್ದೆ. ಅದೇ ಮಾತನ್ನು ಅತ್ತೆ ರೊಟ್ಟಿ ಬಡಿಯುತ್ತ ಹೇಳಿದರೆ ನನಗೆ ನಗು ಬರುತ್ತಿತ್ತು. "ಅತ್ತಿ, ಗಿಡ ಎಲ್ಲಿದ್ರೂ ಗಿಡಾನೇ. ಗುಣ ಇರೋದು ಅದರ ಬೀಜದಾಗ" ಎಂದು ವಾದಿಸುತ್ತಿದ್ದೆ. ಓದಿದವರ ಸೊಕ್ಕು ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ಕಡೆ ಕೈ ತೋರಿಸಿ.

ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡುತ್ತೇನೆ. ಅಷ್ಟೆಲ್ಲ ವಾದ ಮಾಡಿದವಳು ಒಂದು ಸಲವೂ ಆ ಎಲೆಯನ್ನು ಬಾಯಿಗೆ ಹಾಕಿಕೊಂಡಿರಲಿಲ್ಲ. ನನಗೆ ಕಹಿ ಆಗದು. ಹಾಗಲಕಾಯಿ ಪಲ್ಯಕ್ಕೂ ಮುಷ್ಟಿ ಬೆಲ್ಲ ಹಾಕುವವಳು ನಾನು. ಗಿಡಗಳನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಕೆಳಗೆ ಹೆಸರು ಬರೆಯುವುದಷ್ಟೇ ನನ್ನ ಅವುಗಳ ಸಂಬಂಧವಾಗಿತ್ತು.

ಅತ್ತೆಗೆ ಸಕ್ಕರೆ ಕಾಯಿಲೆ ಬಂದಾಗ ಅವಳಿಗೆ ಅರವತ್ತು ದಾಟಿತ್ತು. ಅಫಜಲಪುರದ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಅವಳು ಅದನ್ನು ದೇವರ ಜಗಲಿಯ ಮೇಲಿಟ್ಟು ಕೈಮುಗಿದಳೇ ಹೊರತು ನುಂಗಲಿಲ್ಲ. ನಾನು ಹೋಗಿ ಜಗಳವಾಡಿದೆ. ಕಡೆಗೆ ಅವಳೇ ಒಂದು ಕರಾರು ಮುಂದಿಟ್ಟಳು.

"ಎಲಿ ಐದು ರೊಟ್ಟಿ ದಾಟತಿರೋತನಕ ನಾ ಗುಳಿಗಿ ಮುಟ್ಟಂಗಿಲ್ಲ. ಐದರ ಕೆಳಗ ಇಳೀತಂದ್ರ ಅವತ್ತಿಂದನೇ ತಗೋತೇನಿ. ನಿನ್ನ ಆಣಿ."

ನಾನು ಒಪ್ಪಿಕೊಂಡೆ. ಎಲೆ ನಾಲಿಗೆಯ ಮೇಲೆ ಮಾಡುವ ಕೆಲಸ ಬೇರೆ, ರಕ್ತದಲ್ಲಿ ಆಗಬೇಕಾದ ಕೆಲಸ ಬೇರೆ, ಗುಳಿಗೆ ಬಿಡುವುದು ತಪ್ಪು ಎಂದು ಹಟ ಹಿಡಿಯಬೇಕಾಗಿತ್ತು. ಹಿಡಿಯಲಿಲ್ಲ. ಅವಳು ಗಟ್ಟಿಮುಟ್ಟಾಗಿದ್ದಳು, ಮರಡಿ ಹತ್ತುತ್ತಿದ್ದಳು, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿದರೆ ಅಂಕಿಗಳೂ ತೀರ ಕೆಟ್ಟದಾಗಿ ಇರುತ್ತಿರಲಿಲ್ಲ. ಹೀಗೇ ನಡೆಯುತ್ತದೆ ಎಂದುಕೊಂಡೆ.

ಆಮೇಲೆ ಅವಳ ಮೊಣಕಾಲು ಹೋಯಿತು. ಮರಡಿ ಹತ್ತುವುದಿರಲಿ, ಅಂಗಳದಿಂದ ಕಟ್ಟೆ ಹತ್ತುವುದೇ ಕಷ್ಟವಾಯಿತು. ಆ ವರ್ಷದ ಎಳ್ಳ ಅಮಾವಾಸ್ಯೆಗೆ ಅವಳು ಬಾಯಿಬಿಟ್ಟು ಏನೂ ಕೇಳಲಿಲ್ಲ. ನಾನು ಒಂದು ದಿನ ರಜೆ ಹಾಕಿ ಹಿರೋಳ್ಳಿಗೆ ಹೋಗಿ ಎಲೆ ಕೊಯ್ದು ತಂದಿದ್ದರೆ ಮುಗಿದುಹೋಗುತ್ತಿತ್ತು. ವರ್ಷಕ್ಕೆ ಒಂದು ದಿನ, ಅಷ್ಟೇ. ಆದರೆ ನನಗೆ ಅದಕ್ಕಿಂತ ಜಾಣ ಉಪಾಯ ಹೊಳೆಯಿತು. ಹಿರೋಳ್ಳಿಯ ನೆಂಟರಿಂದ ಅದೇ ಬಳ್ಳಿಯ ಎರಡು ತುಂಡು ತರಿಸಿ ಜೇವರ್ಗಿಯ ನಮ್ಮ ಹಿತ್ತಿಲಲ್ಲಿ ಹಚ್ಚಿದೆ. ಕಪ್ಪು ಮಣ್ಣು, ತಿಪ್ಪೆಗೊಬ್ಬರ, ಹೊತ್ತಿಗೆ ಸರಿಯಾಗಿ ನೀರು, ಮಧ್ಯಾಹ್ನ ನೆರಳು. ಮರಡಿಯ ಮೇಲೆ ಉಗುರಿನಷ್ಟಿದ್ದ ಎಲೆ ನಮ್ಮಲ್ಲಿ ಅಂಗೈಯಗಲ ಬಂತು. ಮನೆಗೆ ಬಂದವರನ್ನೆಲ್ಲ ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ.

ಮೊದಲ ಕೊಯ್ಲನ್ನು ಬುಟ್ಟಿಯಲ್ಲಿ ಹಾಕಿಕೊಂಡು ಅತ್ತೆಯ ಮನೆಗೆ ಹೋದೆ. ಅವಳು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಭಾಳ ಚಂದ ಬೆಳಸೀ ಬೇ" ಎಂದಳು. ಅಗಿದಳು. ಹಿಟ್ಟಿನ ಮುಂದೆ ಕೂತಳು. ನಾನು ಎದುರಿಗೆ ಕೂತು ಎಣಿಸತೊಡಗಿದೆ. ಒಂದು ರೊಟ್ಟಿ, ಬೆಲ್ಲದ ಚೂರು. ಎರಡು ರೊಟ್ಟಿ, ಬೆಲ್ಲದ ಚೂರು. ಮೂರನೆಯದಕ್ಕೆ ಅವಳ ಕೈ ಒಂದು ಕ್ಷಣ ನಿಂತಿತು. ಹಂಚಿನ ಕಾವು ಹೆಚ್ಚಾಯಿತು ಎಂದು ಬೆಂಕಿ ಹಿಂದೆ ಸರಿಸಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹ್ಯಾಂಗದ ಅತ್ತಿ?"

"ಉಸುಕು ತಿಂದಂಗ ಆಗಾಕತ್ತದ" ಎಂದಳು.

ಹತ್ತನೆಯ ರೊಟ್ಟಿಗೆ ಅವಳು ತಲೆಯೆತ್ತಿ, "ಹಾಂ, ಈಗ ಬಂತು ನೋಡು ಸೀ" ಎಂದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು. "ಗಿಡ ಎಲ್ಲಿದ್ರೂ ಗಿಡಾನೇ ಅಂತ ಹೇಳಿದ್ದಿಲ್ಲೇನು?" ಎಂದು ಕೇಳಿದೆ. "ಖರೆ ಅದವ್ವ, ನೀ ಓದಿದಾಕಿ" ಎಂದು ಅವಳು ನನ್ನ ತಲೆ ನೇವರಿಸಿದಳು. ನಲವತ್ತು ವರ್ಷ ಬಿಡದ ವಾದವನ್ನು ಅವಳು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ಏಕೆ ಎಂದು ಆಗ ನನಗೆ ಅನುಮಾನ ಬರಬೇಕಾಗಿತ್ತು.

ಅಲ್ಲಿಂದ ಎರಡು ವರ್ಷ ಹದಿನೈದು ದಿನಕ್ಕೊಮ್ಮೆ ಎಲೆ ಕೊಟ್ಟು ಬಂದೆ, ಇಲ್ಲವೇ ಬಸ್ಸಿನಲ್ಲಿ ಯಾರ ಕೈಯಲ್ಲಾದರೂ ಕಳಿಸಿದೆ. ನಾನೇ ಹೋದಾಗಲೆಲ್ಲ ಹತ್ತು ರೊಟ್ಟಿ. ಒಮ್ಮೆಯೂ ಒಂಬತ್ತಾಗಲಿಲ್ಲ. ರಕ್ತ ಪರೀಕ್ಷೆಯ ಮಾತೆತ್ತಿದರೆ, "ಎಲಿ ಹತ್ತು ನಡದದಲ್ಲ, ಮತ್ಯಾಕ?" ಎಂದು ತೇಲಿಸುತ್ತಿದ್ದಳು. ಅವಳ ಸೊಸೆ ನೀಲಮ್ಮ ಒಂದೆರಡು ಸಲ, "ಅತ್ತಿಯಾರು ಭಾಳ ಸೊರಗ್ಯಾರ್ರಿ ಅಕ್ಕಾರ" ಎಂದಿದ್ದಳು. ವಯಸ್ಸಾಯಿತಲ್ಲ ಎಂದುಕೊಂಡೆ.

ಜಾಲಿಮುಳ್ಳು ತುಳಿದದ್ದು ನೆಪ. ಹೆಬ್ಬೆರಳ ಗಾಯ ಮಾಯಲಿಲ್ಲ, ಕಪ್ಪಾಯಿತು, ಪಾದಕ್ಕೆ ಏರಿತು. ದವಾಖಾನೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತು. ಎಷ್ಟು ದಿನದಿಂದ ಗುಳಿಗೆ ತೆಗೆದುಕೊಂಡಿಲ್ಲ ಎಂದು ಡಾಕ್ಟರು ಕೇಳಿದರು. ನಾನು ಎಲೆಯ ಮಾತು ತೆಗೆದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅತ್ತೆ ಜ್ವರದ ಮಂಪರಿನಲ್ಲಿ ಕಣ್ಣು ತೆರೆದು, "ಬಳ್ಳಿಗಿ ನೀರು ಹಾಕಿ ಬಂದೀಯೇನ ಬೇ?" ಎಂದು ಕೇಳಿದಳು. ನನ್ನ ಜೊತೆ ಅವಳು ಆಡಿದ ಕೊನೆಯ ಮಾತು ಅದು.

ಅವಳನ್ನು ಮಣ್ಣಿಗಿಟ್ಟು ಜೇವರ್ಗಿಗೆ ಮರಳಿದ ಮೂರನೆಯ ದಿನ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಪೊಟ್ಟಣ ಕಣ್ಣಿಗೆ ಬಿತ್ತು. ಆ ಹದಿನೈದು ದಿನದ ಎಲೆ, ಕಳಿಸಬೇಕೆಂದು ಕೊಯ್ದಿಟ್ಟದ್ದು. ಏನನಿಸಿತೋ, ಬಿಚ್ಚಿ ಎರಡು ಎಲೆ ಬಾಯಿಗೆ ಹಾಕಿಕೊಂಡೆ. ಹೆದರಿದಷ್ಟು ಕಹಿ ಇರಲಿಲ್ಲ. ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತೆ. ಮೊದಲ ರೊಟ್ಟಿಗೆ ಬೆಲ್ಲ ಸಪ್ಪೆಯಾಗಿತ್ತು. ಎರಡನೆಯದು ಹಂಚಿನ ಮೇಲೆ ಬೀಳುವಷ್ಟರಲ್ಲಿ ಬಾಯಿ ತುಂಬ ಸಿಹಿಯಾಯಿತು. ನನ್ನ ಕೈಗೆ ಬಂದ ರೊಟ್ಟಿ ನಕಾಶೆಯ ಹಾಗಿರುತ್ತದೆ, ಬಡಿಯಲು ಹೊತ್ತೂ ಹಿಡಿಯುತ್ತದೆ. ಅತ್ತೆಯ ಕೈಯಲ್ಲಾದರೆ ಮೂರನೆಯದಕ್ಕೆ ಬರುತ್ತಿತ್ತೇನೋ. ಬೆಂಕಿ ಹಿಂದೆ ಸರಿಸಿ ಬಾಯಿ ಒರೆಸಿಕೊಂಡದ್ದು ಅದೇ ಮೂರನೆಯ ರೊಟ್ಟಿಗೆ. ಅಲ್ಲಿಂದ ಒಂಬತ್ತರವರೆಗೆ ಏಳು ರೊಟ್ಟಿ, ಏಳು ಚೂರು ಬೆಲ್ಲ, ಅಷ್ಟೂ ಸಿಹಿಯನ್ನು ಅವಳು ನನ್ನೆದುರು ಉಸುಕೆಂದು ನುಂಗಿದ್ದಳು. ಗುಳಿಗೆ ಮುಟ್ಟಿದರೆ ನನ್ನ ಬಳ್ಳಿ ಸೋತದ್ದು ನನಗೆ ತಿಳಿದುಬಿಡುತ್ತದೆಂದು, ಗೊತ್ತಿದ್ದೂ ಎರಡು ವರ್ಷ ನುಂಗಿದ್ದಳು. ಆ ದಿನ ನಾನು ಅತ್ತಷ್ಟು ಮಣ್ಣು ಕೊಡುವಾಗಲೂ ಅತ್ತಿರಲಿಲ್ಲ.

ಇದನ್ನು ಯಾರಿಗೂ ಹೇಳಿಲ್ಲ. ನಿಮಗೇ ಮೊದಲು ಹೇಳುತ್ತಿರುವುದು.

ಮೊನ್ನೆ ಅತ್ತೆಯ ಮನೆಯಲ್ಲಿ ಪೂಜೆ ಮುಗಿದ ಮೇಲೆ ನೀಲಮ್ಮ ನನ್ನನ್ನು ಒಲೆಯ ಹತ್ತಿರ ಕರೆದಳು. ನನಗೂ ಈಗ ಸಕ್ಕರೆ ಕಾಯಿಲೆ, ಅಪ್ಪನ ಮನೆತನದಿಂದ ಬಂದ ಆಸ್ತಿ. ಆ ಸುದ್ದಿ ಅವಳಿಗೆ ಮುಟ್ಟಿತ್ತು. ತಾಟಿನ ತುಂಬ ಎಲೆ ತಂದು ಮುಂದಿಟ್ಟಳು. ಮಿರಮಿರ ಮಿಂಚುವ ದೊಡ್ಡ ದೊಡ್ಡ ಎಲೆ.

"ಬಚ್ಚಲ ನೀರು ಹೋಗೋ ಕಡಿ ಹಚ್ಚೀನ್ರಿ ಅಕ್ಕಾರ. ಆರು ತಿಂಗಳಾತು, ನಿಮ್ಮ ಸಲುವಾಗೇ ಬೆಳಸಾಕತ್ತೇನಿ. ತಿಂದು ನೋಡ್ರಿ, ಎಷ್ಟು ರೊಟ್ಟಿ ಆಗ್ತದ ಹೇಳ್ರಿ."

ಅಗಿದೆ. ಅವಳು ರೊಟ್ಟಿ ಬಡಿಯತೊಡಗಿದಳು. ಎರಡನೆಯದಕ್ಕೇ ಸಿಹಿ ಬಂತು. ಆದರೂ ಇನ್ನೊಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡೆ. ಮೂರು, ನಾಲ್ಕು. ಪ್ರತಿ ರೊಟ್ಟಿಗೂ ಅವಳು ನನ್ನ ಮುಖ ನೋಡುತ್ತಿದ್ದಳು, ಒಲೆಯ ಝಳಕ್ಕೆ ಕೆಂಪಾದ ಆ ಮುಖದಲ್ಲಿ ಆಸೆ ಏರುತ್ತಿತ್ತು. ಸುಳ್ಳು ಹೇಳಲು ಬಾಯಿ ತೆರೆಯುವುದೂ ಬೇಕಾಗಿರಲಿಲ್ಲ, ಹಾಗೇ ಕೂತಿದ್ದರೆ ಸಾಕಿತ್ತು. ಅತ್ತೆಗೆ ಎಷ್ಟು ಕಷ್ಟವಾಗಿದ್ದಿರಬೇಕು, ಎಷ್ಟು ಸುಲಭವೂ ಆಗಿದ್ದಿರಬೇಕು ಎಂದು ಆಗ ತಿಳಿಯಿತು.

"ನೀಲಾ" ಎಂದೆ. "ಎರಡಕ್ಕೇ ಬಂತವ್ವ. ಇದರಾಗ ಕಸು ಇಲ್ಲ."

ಅವಳ ಕೈ ಹಿಟ್ಟಿನ ಮೇಲೇ ನಿಂತಿತು. ಮುಖ ಇಳಿದುಹೋಯಿತು. ನಾನು ಕಣ್ಣು ತಪ್ಪಿಸದೆ ನೋಡುತ್ತ ಕೂತೆ. ಆಮೇಲೆ ಅವಳು ತಟ್ಟಿದ್ದ ರೊಟ್ಟಿಯನ್ನೆತ್ತಿ ಹಂಚಿಗೆ ಹಾಕಿದಳು. "ಹೋಗ್ಲಿ ಬಿಡ್ರಿ, ಬಚ್ಚಲ ನೀರಿಂದು" ಎಂದಳು. "ಗುಳಿಗಿ ತಂದೀರಿಲ್ರಿ? ತಗೋರಿ, ನೀರು ಕೊಡ್ತೇನಿ." ಹಂಚಿನ ಮೇಲಿನ ರೊಟ್ಟಿ ಇನ್ನೂ ಉಬ್ಬಿರಲಿಲ್ಲ, ಅಷ್ಟರಲ್ಲೇ ಅವಳ ಬೇಸರ ಹೋಗಿ ಮುಖ ಮೊದಲಿನಂತಾಗಿತ್ತು.

ಒಂದು ರೊಟ್ಟಿ ಬೇಯುವಷ್ಟು ಹೊತ್ತು, ಅತ್ತಿ. ಅಷ್ಟು ಹೊತ್ತು ನನ್ನ ಸಪ್ಪೆ ಮುಖ ನೋಡಿದ್ದರೆ ಸಾಕಾಗಿತ್ತು.